ಸತ್ತ ಕೋಶಗಳನ್ನು ಯಾಕೆ ಬಚ್ಚಿಟ್ಟಿರಿ?

ಬಾಗಲಕೋಟೆಯ ಗೆಳತಿಗೆ ಬೆಳಗಾವಿಯಿಂದ ನಮಸ್ಕಾರ.

ಡಿಎನ್‌ಎ, ಆರ್‌ಎನ್‌ಎಗಳನ್ನು ಕೋಶದೊಳಗೆ ಸಾಗಿಸುವ ಲಿಪಿಡ್, ಅಂದರೆ ಕೊಬ್ಬಿನಂಥ ಅಣುಗಳ ಬಗ್ಗೆ ನೀವು ಕಳಿಸಿದ ‘ಜೀನ್ ಹೊರುವ ಕೊಬ್ಬು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ವಿಜ್ಞಾನ ಪುಟಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳದೆ ಮುಂದೆ ಓದಿ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಸೃಷ್ಟಿಯ ರಹಸ್ಯ, ಡಿಎನ್‌ಎಯ ಮಹಿಮೆ ಎಲ್ಲ ಶಾಲೆಯಲ್ಲೇ ಆಗಿದೆ. ನನ್ನ ಚಹಾ ಮುಗಿದರೂ ಲಿಪಿಡ್ ಬಂದಿರಲಿಲ್ಲ.

ಲಸಿಕೆಯ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಸೂಚನೆ ಹೊತ್ತ ಅಣು) ಕೋಶದ ನ್ಯೂಕ್ಲಿಯಸ್‌ಗೆ ಹೋಗುತ್ತದೆ ಎಂದು ಬರೆದಿದ್ದೀರಿ. ಅದಕ್ಕೆ ಅಲ್ಲಿ ಕೆಲಸವೇ ಇಲ್ಲ. ನ್ಯೂಕ್ಲಿಯಸ್‌ನ ಹೊರಗೆ, ಕೋಶದೊಳಗಿನ ಸೈಟೊಪ್ಲಾಸಂನಲ್ಲೇ ಅದರಿಂದ ಪ್ರೋಟೀನ್ ತಯಾರಾಗುತ್ತದೆ. ನ್ಯೂಕ್ಲಿಯಸ್ ಮುಟ್ಟಬೇಕಾದ್ದು ಡಿಎನ್‌ಎ. ಸಣ್ಣ ತಪ್ಪು ಅನ್ನಬೇಡಿ. ‘ಲಸಿಕೆ ನಮ್ಮ ಜೀನ್ ಬದಲಿಸುತ್ತೆ’ ಎಂದು ಹೆದರಿಸುವವರು ಈ ಸಾಲನ್ನೇ ಕತ್ತರಿಸಿ ವಾಟ್ಸಾಪ್‌ಗೆ ಹಾಕುತ್ತಾರೆ.

ಲಿಪಿಡ್‌ಗೆ ಯಾವಾಗಲೂ ಪಾಸಿಟಿವ್ ಚಾರ್ಜ್ ಇರುತ್ತದೆ ಎಂಬುದೂ ಅರ್ಧ ಸತ್ಯ. 1987ರಲ್ಲಿ ವಿಜ್ಞಾನಿ ಫಿಲಿಪ್ ಫೆಲ್ಗ್ನರ್ ತಂಡ ಕೋಶಕ್ಕೆ ಡಿಎನ್‌ಎ ಸೇರಿಸಲು ಬಳಸಿದ ಡಾಟ್ಮಾ ಎಂಬ ಲಿಪಿಡ್ ಹಾಗಿತ್ತು. ಡಿಎನ್‌ಎ ನೆಗೆಟಿವ್, ಲಿಪಿಡ್ ಪಾಸಿಟಿವ್, ಅಂಟಿಕೊಂಡವು. ಆದರೆ ಅಂಥದ್ದು ಜಾಸ್ತಿಯಾದರೆ ಕೋಶಕ್ಕೇ ವಿಷ. ಕೊರೊನಾದ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಇರುವುದು ಬೇರೆ ಜಾತಿ. ಮೈಯೊಳಗೆ ಅದು ಹೆಚ್ಚುಕಡಿಮೆ ತಟಸ್ಥ. ಕೋಶ ಅದನ್ನು ನುಂಗಿ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆ ಚೀಲದೊಳಗೆ ಹುಳಿ ಏರಿದಾಗ ಮಾತ್ರ ಚಾರ್ಜ್ ಬರುತ್ತದೆ, ಚೀಲದ ಪೊರೆ ಕದಡುತ್ತದೆ, ಒಳಗಿನ ಸರಕು ಹೊರಬೀಳುತ್ತದೆ. ಅದೂ ಪೂರ್ತಿಯಲ್ಲ, ಸ್ವಲ್ಪವೇ. ಇಷ್ಟೆಲ್ಲ ಹುಡುಕಾಟ ಈ ಗುಣಕ್ಕಾಗಿಯೇ ಅಲ್ವಾ?

ಆ ಹುಡುಕಾಟಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: ‘ವಿಜ್ಞಾನಿಗಳು ಸೂಕ್ತ ಲಿಪಿಡ್ ವಿನ್ಯಾಸಗೊಳಿಸಿದರು.’ ಅಷ್ಟು ಸಲೀಸಾಗಿ ಆಯಿತಾ? 2008ರಲ್ಲಿ ಪ್ರಕಟವಾದ ಒಂದೇ ಕೆಲಸದಲ್ಲಿ 1200ಕ್ಕೂ ಹೆಚ್ಚು ಲಿಪಿಡ್‌ನಂಥ ಸಂಯುಕ್ತಗಳಿದ್ದವು. ಲಿಪಿಡ್ ಅಣುವಿಗೆ ಒಂದು ತಲೆ, ಉದ್ದನೆಯ ಬಾಲ ಇರುತ್ತವಲ್ಲ, ಈ ತಲೆಗೆ ಆ ಬಾಲ, ಆ ತಲೆಗೆ ಈ ಬಾಲ. ಜೋಡಿಸು, ಕೋಶಕ್ಕೆ ಹಾಕು, ನೋಡು. ಬೆಳಕು ಬೀರುವ ಕೋಶಗಳನ್ನು ಇಟ್ಟುಕೊಂಡು, ಆ ಬೆಳಕಿನ ಜೀನ್ ಕೆಲಸ ನಿಲ್ಲಿಸುವ ಆರ್‌ಎನ್‌ಎ ಕೊಟ್ಟು ಪರೀಕ್ಷಿಸಿದರು. ಕೋಶ ಸಾಯದೆ ಮಂಕಾದರೆ ಗೆದ್ದ ಹಾಗೆ! ಇಷ್ಟಾದರೂ ಲ್ಯಾಬಿನ ಪ್ಲೇಟಿನಲ್ಲಿ ಗೆದ್ದದ್ದು ಇಲಿಯಲ್ಲಿ ಸೋಲುವುದುಂಟು. ಆರ್‌ಎನ್‌ಎಯನ್ನು ಲಿಪಿಡ್ ಕಣದಲ್ಲಿಟ್ಟು ಕೊಡುವ ಪಟಿಸಿರಾನ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳು ನಿಮ್ಮ ಲೇಖನದಲ್ಲಿ ಎಲ್ಲಿ ಹೋದವು?

ಇನ್ನು ನನಗೆ ಸಿಟ್ಟು ಬಂದ ವಿಷಯ. ಲೇಖನದ ಜೊತೆಗಿನ ಪತ್ರದಲ್ಲಿ ಹೀಗೆ ಬರೆದಿದ್ದೀರಿ: ‘ಪ್ರಾಜೆಕ್ಟ್‌ಗೆ 96 ಗುಳಿಯ ಪ್ಲೇಟಿನಲ್ಲಿ, ಹಸಿರು ಬೆಳಕಿನ ಜೀನ್ ಹೊರಿಸಿ 11 ಲಿಪಿಡ್ ಹಾಕಿ ನೋಡಿದೆ. ಒಂದರಲ್ಲಿ ಕೋಶಗಳು ಹಸಿರಾಗಿ ಹೊಳೆದವು, ಕುಣಿದಾಡಿದೆ. ಮರುದಿನ ನೋಡಿದರೆ ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು.’ ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಸೃಷ್ಟಿಯ ರಹಸ್ಯದಿಂದ ಶುರು ಮಾಡುತ್ತಾರೇನ್ರೀ? ಲೇಖನ ಇಲ್ಲಿಂದಲೇ ಶುರುವಾಗಲಿ. ಸತ್ತ ಕೋಶ ದುಂಡಗಾಗುತ್ತದೆ ಎಂಬುದು ನಮ್ಮ ಎಷ್ಟು ಓದುಗರಿಗೆ ಗೊತ್ತು?

ಲಿಪಿಡ್‌ಗೆ ಕೊಟ್ಟ ಕೊರಿಯರ್ ಹುಡುಗನ ಹೋಲಿಕೆ ಬಿಡಿ, ಎಲ್ಲರೂ ಬರೆದು ಸವೆಸಿದ್ದಾರೆ. ಕೂಡಲಸಂಗಮದ ಹೋಲಿಕೆ ಮಾತ್ರ ಇರಲಿ. ಇಥೆನಾಲ್‌ನಲ್ಲಿ ಕರಗಿದ ಲಿಪಿಡ್ ಒಂದು ಕೊಳವೆಯಲ್ಲಿ, ಹುಳಿ ನೀರಿನಲ್ಲಿರುವ ಆರ್‌ಎನ್‌ಎ ಇನ್ನೊಂದರಲ್ಲಿ ಬಂದು ಕೂಡುವುದಕ್ಕೆ ಅದು ನಿಮ್ಮೂರ ಕಡೆಯವರಿಗೇ ಹೊಳೆಯುವ ಹೋಲಿಕೆ. ಒಂದು ಮಾತು ಸೇರಿಸಿ: ಸಂಗಮದಲ್ಲಿ ಕೃಷ್ಣೆಗೂ ಮಲಪ್ರಭೆಗೂ ಅವಸರವಿಲ್ಲ, ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬೆರೆಯಬೇಕು. ನಿಧಾನವಾದರೆ ಕಣಗಳು ದಪ್ಪವಾಗುತ್ತವೆ.

800 ಪದ ಸಾಕು. ಮತ್ತೆ ಕಳಿಸುವಾಗ ಇದನ್ನೂ ಬರೆಯಿರಿ: ಉಳಿದ 10 ಲಿಪಿಡ್‌ಗಳು ಏನಾದವು?