ಫ್ಲಾಟ್‌ಹೆಡ್ ಬೇಕಾದರೆ ಕೂರಬೇಡಿ, ನಡೆಯಿರಿ

ಸಿಡ್ನಿಗೆ ಬಂದು ನಾಲ್ಕು ತಿಂಗಳಾಯ್ತು, ವೆಸ್ಟ್‌ಮೀಡ್‌ನಲ್ಲಿ ಮನೆ, ಕಾರಿಲ್ಲ, ಶನಿವಾರ ಬಂದರೆ ಹೊತ್ತು ಹೋಗಲ್ಲ ಅಂತ ಬರೆದಿದ್ದೀರಿ. ಗಾಳ ಹಾಕೋಕೆ ಲೈಸೆನ್ಸ್ ಬೇಕಾ, ಎಲ್ಲರೂ ಹೇಳುವ ಫ್ಲಾಟ್‌ಹೆಡ್ ಮೀನು ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಹೊನ್ನಾವರದವನು, ಇಲ್ಲಿಗೆ ಬಂದು ಹದಿನೇಳು ವರ್ಷ. ಶರಾವತಿ ಅಳಿವೆಯಲ್ಲಿ ಗಾಳ ಹಾಕಿ ಬೆಳೆದವನು ಅನ್ನೋ ಜಂಬ ಬೇರೆ ಇತ್ತು. ಮೊದಲ ಎರಡು ತಿಂಗಳು ಒಂದು ಫ್ಲಾಟ್‌ಹೆಡ್ಡೂ ಬೀಳಲಿಲ್ಲ. ಊರಿನ ಹಾಗೆ ಒಂದೇ ಕಡೆ ಕೂತಿದ್ದೆ, ಅಷ್ಟೇ.

ಲೈಸೆನ್ಸ್ ಅಂದರೆ ಒಂದು ಶುಲ್ಕ. ವರ್ಷಕ್ಕೆ 35 ಡಾಲರ್, ತಿಂಗಳಿಗೆ 14, ಮೂರು ದಿನಕ್ಕೆ 7. ಆನ್‌ಲೈನ್‌ನಲ್ಲೇ ಕಟ್ಟಿ, ರಸೀದಿ ಫೋನಲ್ಲಿ ಇಟ್ಟುಕೊಳ್ಳಿ.

ಮನೆ ಹತ್ತಿರ ಪ್ಯಾರಮಾಟಾ ನದಿ ಇದೆಯಲ್ಲ ಅಂತ ಅನ್ನಿಸಬಹುದು. ಅಲ್ಲಿಯ ಮೀನು ತಿನ್ನಬೇಡಿ. ಹಾರ್ಬರ್ ಬ್ರಿಡ್ಜ್‌ನಿಂದ ಪಶ್ಚಿಮಕ್ಕೆ ಹಿಡಿದದ್ದನ್ನು ತಿನ್ನಬಾರದು ಅಂತ ಸರ್ಕಾರವೇ ಹೇಳಿದೆ. ಹಳೇ ಕಾರ್ಖಾನೆಗಳ ಡಯಾಕ್ಸಿನ್ ವಿಷ ತಳದ ಕೆಸರಲ್ಲಿ ಕೂತಿದೆ, ನಮ್ಮ ಫ್ಲಾಟ್‌ಹೆಡ್ ಮಲಗೋದೂ ತಳದಲ್ಲೇ. ಅದರ ಬದಲು ಸ್ಟ್ರಾತ್‌ಫೀಲ್ಡ್‌ನಲ್ಲಿ ಇಳಿದು ಸೆಂಟ್ರಲ್ ಕೋಸ್ಟ್ ರೈಲು ಹತ್ತಿ, ವಾಯ್ ವಾಯ್‌ಗೆ ಹೋಗಿ. ಸ್ಟೇಷನ್‌ನಿಂದ ನಡೆದರೆ ಅಳಿವೆಯ ನೀರು. ಅದರ ಹೆಸರು ಬ್ರಿಸ್ಬೇನ್ ವಾಟರ್. ಬ್ರಿಸ್ಬೇನ್ ಊರು ಬೇರೆ, ಇದು ಬೇರೆ.

ಈ ಮೀನಿನ ತಲೆ ಚಪ್ಪಟೆ, ಮೈ ಮರಳಿನ ಬಣ್ಣ. ಮರಳಲ್ಲಿ ಅರ್ಧ ಹೂತುಕೊಂಡು, ಕಣ್ಣು ಮಾತ್ರ ಮೇಲಿಟ್ಟು, ಬಾಯಿ ಹತ್ತಿರ ಬಂದದ್ದನ್ನು ಗಬಕ್ಕನೆ ನುಂಗುತ್ತದೆ. ತಿಂಡಿ ಹುಡುಕಿಕೊಂಡು ಜಾಸ್ತಿ ದೂರ ಹೋಗೋ ಜಾತಿಯಲ್ಲ. ಹಾಗಾಗಿ ಅದು ಮಲಗಿದ ಕಡೆಗೆ ನಾವೇ ಹೋಗಬೇಕು. ನೀರು ಇಳಿಯುವ ಹೊತ್ತಿಗೆ ಹೋಗಿ. ಮರಳುದಿಬ್ಬದ ಮೇಲಿದ್ದ ಸಣ್ಣ ಮೀನು, ಸಿಗಡಿ ಎಲ್ಲ ಇಳಿತದ ಜೊತೆ ಕೆಳಗೆ ಜಾರುತ್ತವೆ. ದಿಬ್ಬ ಮುಗಿದು ಆಳ ಶುರುವಾಗುವ ಅಂಚಲ್ಲಿ, ಸಣ್ಣ ಕಾಲುವೆ ಬಂದು ಸೇರುವ ಬಾಯಲ್ಲಿ ಇದು ಕಾಯುತ್ತಿರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನೀರು ಬೆಚ್ಚಗಿರುವಾಗ ಒಳ್ಳೇದು.

ಎರೆಗೆ ಪಿಲ್ಚರ್ಡ್ ಸಾಕು, ನಮ್ಮ ಬೂತಾಯಿ ಮೀನಿನ ನೆಂಟ ಅನ್ನಿ. ಸಿಗಡಿ, ಬೊಂಡಾಸಿನ (ಸ್ಕ್ವಿಡ್) ಉದ್ದ ಚೂರೂ ಆಗುತ್ತೆ. ಸೀಸದ ಗುಂಡು ದಾರದ ಮೇಲೆ ಸಲೀಸಾಗಿ ಜಾರುವ ಹಾಗಿರಲಿ, ಕೊಕ್ಕೆಯ ಹತ್ತಿರದ ಅರ್ಧ ಮೀಟರ್ ದಾರ ದಪ್ಪ ಇರಲಿ, ಮೀನಿನ ಹಲ್ಲು ದಾರ ಉಜ್ಜಿ ಕತ್ತರಿಸುತ್ತೆ. ಎರೆ ಹಾಕಿ ಸುಮ್ನೆ ಬಿಡಬೇಡಿ, ಆಗಾಗ ಒಂದು ಮಾರು ಎಳೆಯಿರಿ.

ನನಗೆ ಇಷ್ಟ ಮಾತ್ರ ರಬ್ಬರ್ ಮೀನು. ಇಲ್ಲಿ ಸಾಫ್ಟ್ ಪ್ಲಾಸ್ಟಿಕ್ ಅಂತಾರೆ. ಮೂರು ನಾಲ್ಕು ಇಂಚಿನದು, ತಲೆಯಲ್ಲಿ ಸೀಸ ಇರುವ ಕೊಕ್ಕೆ. ಎಸೆದು ತಳ ಮುಟ್ಟೋವರೆಗೆ ಕಾಯಿರಿ. ದಾರ ಸಡಿಲವಾದರೆ ಮುಟ್ಟಿತು ಅಂತ. ಕೋಲಿನ ತುದಿಯನ್ನು ಟಕ್ ಟಕ್ ಅಂತ ಎರಡು ಸಲ ಎತ್ತಿ, ಮತ್ತೆ ಬೀಳಲು ಬಿಡಿ. ಕಚ್ಚೋದು ಹೆಚ್ಚಾಗಿ ಬೀಳುವಾಗಲೇ, ಆಗ ದಾರದ ಮೇಲೆ ಕಣ್ಣಿರಲಿ. ಹೊಸಬರು ಬಡಬಡ ಸುತ್ತಿಬಿಡ್ತಾರೆ, ರಬ್ಬರ್ ನೀರಿನ ನಡುವೆ ತೇಲಿಕೊಂಡು ಬರುತ್ತೆ, ಕೆಳಗಿನ ಮೀನಿಗೆ ಏನು ಉಪಯೋಗ? ಹತ್ತು ಸಲ ಎಸೆದರೂ ಇಲ್ಲವಾ, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ. ಕಾಲಿಗೆ ಹಳೇ ಶೂ ಇರಲಿ, ಕಲ್ಲಿಗೆ ಅಂಟಿದ ಸಿಂಪಿ ಬ್ಲೇಡಿನ ಹಾಗೆ ಕುಯ್ಯುತ್ತೆ.

ಸಿಕ್ಕಾಗ ದಡದ ಹತ್ತಿರ ತಲೆ ಒದರುತ್ತೆ, ಬಲೆ ಹಾಕಿಯೇ ಎತ್ತಿ. ಬರಿಗೈಲಿ ಮುಟ್ಟಬೇಡಿ. ಕಿವಿರಿನ ಪಕ್ಕ ಎರಡೆರಡು ಮುಳ್ಳಿವೆ. ನನ್ನ ಹೆಬ್ಬೆರಳಿಗೆ ಒಮ್ಮೆ ನೆಟ್ಟು, ಮರುದಿನ ಆಫೀಸಿನಲ್ಲಿ ಸ್ಪೇಸ್ ಬಾರ್ ಒತ್ತೋಕೂ ಆಗಲಿಲ್ಲ. ಒದ್ದೆ ಬಟ್ಟೆ ಹಾಕಿ ಹಿಡಿಯಿರಿ.

ಅಳತೆ ಪಟ್ಟಿ ಬೇಕೇ ಬೇಕು. ಅಳಿವೆಯಲ್ಲಿ ಸಿಗುವ ಡಸ್ಕಿ ಫ್ಲಾಟ್‌ಹೆಡ್ 36 ಸೆಂಟಿಮೀಟರಿಗಿಂತ ಚಿಕ್ಕದಿದ್ದರೂ, 70ಕ್ಕಿಂತ ದೊಡ್ಡದಿದ್ದರೂ ವಾಪಸ್ ಬಿಡಬೇಕು. ದಿನಕ್ಕೆ ಐದು ಮಾತ್ರ. ದೊಡ್ಡವೆಲ್ಲ ಹೆಚ್ಚುಕಡಿಮೆ ಮೊಟ್ಟೆ ಇಡುವ ತಾಯಂದಿರು.

ಅಂದ ಹಾಗೆ ಅದೇ ಮರಳಲ್ಲಿ ವೈಟಿಂಗ್ ಅನ್ನೋ ತೆಳ್ಳಗಿನ ಬಿಳಿ ಮೀನೂ ಸಿಗುತ್ತೆ. ನಮ್ಮ ಕಾಣೆ ಮೀನಿನ ದಾಯಾದಿ ಅದು. ಅದಕ್ಕೆ ರವೆ ಹಚ್ಚಿ ಕಾಯಿಸಿ. ಫ್ಲಾಟ್‌ಹೆಡ್ ಹೆಚ್ಚು ಬೆಂದರೆ ಒಣಗುತ್ತೆ, ಅದಕ್ಕೆ ಕಾಯಿ ಅರೆದ ಸಾರೇ ಸರಿ.