ಡುನೆಡಿನ್‌ನ ಚಳಿಗೆ ಹಳೆ ಹೀಟರ್ ತರುವ ಮೊದಲು

ಹೊಸನಗರದಿಂದ ಹೊರಟು ನ್ಯೂಜಿಲೆಂಡಿಗೆ ಬಂದು ಮೂರು ತಿಂಗಳಾಯಿತು, ಡುನೆಡಿನ್‌ನಲ್ಲಿ ಹೆಂಡತಿ ಮತ್ತು ಎರಡು ವರ್ಷದ ಮಗುವಿನ ಜೊತೆ ಹಳೆ ಮರದ ಮನೆಯೊಂದರಲ್ಲಿ ಬಾಡಿಗೆಗಿದ್ದೇವೆ ಅಂತ ಬರೆದಿದ್ದೀರಿ. ಮನೆ ಕೊರೆಯುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳಗೆ ಎಣ್ಣೆ ತುಂಬಿದ ಒಂದು ಆಯಿಲ್ ಹೀಟರ್, ಎಸಿ ಹಾಗೆ ಗೋಡೆಗೆ ಕೂರಿಸುವ ಒಂದು ಹೀಟ್ ಪಂಪ್, ಒಂದು ಕಬ್ಬಿಣದ ಸೌದೆ ಒಲೆ ಅಗ್ಗಕ್ಕೆ ಸಿಗುತ್ತಿವೆ. "ಊರಲ್ಲಿ ನಮ್ಮನೆ ವೈರಿಂಗ್ ಎಲ್ಲ ಅಪ್ಪ, ನಾನು ಸೇರಿ ಮಾಡಿದ್ದು. ಇಲ್ಲೂ ನಾನೇ ಕೂರಿಸಬಹುದಾ ಅಕ್ಕ? ಕಾನೂನು ಏನು ಹೇಳುತ್ತೆ?" ಅಂತ ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಆಯಿಲ್ ಹೀಟರ್ ತಗೊಳ್ಳಿ, ಆದರೆ ನೋಡಿ ತಗೊಳ್ಳಿ. ಉಳಿದ ಎರಡು ಬೇಡ. ಇದಕ್ಕೆಲ್ಲ ದುಡ್ಡು ಹಾಕುವ ಮುಂಚೆ ಮನೆ ಮಾಲೀಕರಿಗೆ ಒಂದು ಪತ್ರ ಬರೆಯಿರಿ.

ನಾನೀಗ ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದೇನೆ. ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದೆ. ನಿನ್ನೆ ಮಧ್ಯಾಹ್ನ ಹೋದ ಕರೆಂಟ್ ಇನ್ನೂ ಬಂದಿಲ್ಲ. ಬಚ್ಚಲ ಒಲೆ ಮುಂದೆ ಕೂತು ಬರೆಯುತ್ತಿದ್ದೇನೆ, ಹಂಡೆ ಮೇಲೆ ಕಟ್ಟಿದ ತಂತಿಯಲ್ಲಿ ಮಕ್ಕಳ ಬಟ್ಟೆ ಒಣಗುತ್ತಿವೆ. ಇಲ್ಲಿ ಮಳೆಗಾಲ ಅಂದರೆ ಅಲ್ಲಿ ಚಳಿಗಾಲ, ಜೂನ್, ಜುಲೈ, ಆಗಸ್ಟ್ ಎರಡೂ ಕಡೆ ಥಂಡಿಯದ್ದೇ ತಿಂಗಳು. ಹಾಗಾಗಿ ಮಲೆನಾಡಿನವರು ಅಲ್ಲಿಗೆ ಹೋದಾಗ, ಥಂಡಿ ನಮಗೇನು ಹೊಸದಾ ಅಂದುಕೊಂಡು ಊರಿನ ಅಭ್ಯಾಸಗಳನ್ನೇ ಮುಂದುವರಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಾಡಿಗೆ ಮನೆಯ ಹಾಲ್‌ಗೆ ಹೀಟರ್ ಕೂರಿಸುವುದು ಮಾಲೀಕರ ಜವಾಬ್ದಾರಿ. 2019ರಲ್ಲಿ ಅಲ್ಲಿ ಹೆಲ್ದಿ ಹೋಮ್ಸ್ ಅನ್ನುವ ನಿಯಮಗಳು ಬಂದವು. ಹಾಲ್‌ನಲ್ಲಿ ಭದ್ರವಾಗಿ ಕೂರಿಸಿದ ಹೀಟರ್ ಇರಬೇಕು, ಎಂಥ ಚಳಿಯಲ್ಲೂ ಆ ಕೋಣೆಯನ್ನು 18 ಡಿಗ್ರಿಗೆ ತರುವ ಶಕ್ತಿ ಅದಕ್ಕಿರಬೇಕು. 2025ರ ಜುಲೈ 1ರಿಂದ, ಕೆಲವೇ ವಿನಾಯಿತಿ ಬಿಟ್ಟರೆ, ಎಲ್ಲ ಬಾಡಿಗೆ ಮನೆಗಳೂ ಈ ನಿಯಮಗಳಿಗೆ ಹೊಂದಲೇಬೇಕು. ನಿಮ್ಮ ಬಾಡಿಗೆ ಕರಾರಿನ ಜೊತೆ ಇದರ ಬಗ್ಗೆ ಒಂದು ಹಾಳೆ ಇರಬೇಕು, ತೆಗೆದು ಓದಿ. ಹೀಟರ್ ಇಲ್ಲದಿದ್ದರೆ ಬಾಯಲ್ಲಿ ಹೇಳಿ ಸುಮ್ನಿರಬೇಡಿ. 14 ದಿನದೊಳಗೆ ಸರಿಪಡಿಸಿ ಅಂತ ಬರಹದಲ್ಲಿ ನೋಟಿಸ್ ಕೊಡಿ. ಆಗಲೂ ಆಗದಿದ್ದರೆ ಬಾಡಿಗೆ ತಕರಾರು ಬಗೆಹರಿಸುವ ಟೆನೆನ್ಸಿ ಟ್ರಿಬ್ಯೂನಲ್ ಇದೆ. ಕೇಳಿದರೆ ಮನೆ ಬಿಡಿಸ್ತಾರೇನೋ ಅಂತ ಹೆದರಿಕೆ ಆಗುತ್ತೆ, ನನಗೆ ಗೊತ್ತು. ಹಕ್ಕು ಕೇಳಿದ್ದಕ್ಕೆ ಸೇಡಿನಿಂದ ಮನೆ ಬಿಡಿ ಅನ್ನುವುದನ್ನೂ ಅಲ್ಲಿನ ಕಾನೂನು ಒಪ್ಪುವುದಿಲ್ಲ. ಚಿಕ್ಕ ಮಗು ಇರುವ ಮನೆ, ದಾಕ್ಷಿಣ್ಯ ಬೇಡ.

ಈಗ ಆಯಿಲ್ ಹೀಟರ್ ವಿಷಯ. ಪ್ಲಗ್ ಚುಚ್ಚಿ ಬಳಸುವ ಹೀಟರಿಗೆ ಯಾರ ಅನುಮತಿಯೂ ಬೇಡ. ಹಳೆ ವಿದ್ಯುತ್ ಸಾಮಾನು ಮಾರುವವರು ಅದು ಸುರಕ್ಷಿತವಾಗಿದೆ ಅಂತ ನೋಡಿಯೇ ಮಾರಬೇಕು ಅಂತ ನಿಯಮ ಇದೆ. ಆದರೂ ಕೊಳ್ಳುವಾಗ ನಮ್ಮ ಕಣ್ಣನ್ನೇ ನಂಬಬೇಕು. ನಾನು ಹೋದ ಮೊದಲ ಚಳಿಗಾಲದಲ್ಲಿ ಒಬ್ಬರ ಗ್ಯಾರೇಜಿನಿಂದ ಒಂದು ಹೀಟರ್ ತಂದೆ. ಮಲಗುವ ಕೋಣೆಯಲ್ಲಿ ಸಾಕೆಟ್ ದೂರ ಇತ್ತು, ನಾಲ್ಕು ಪ್ಲಗ್ಗಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದೆ. ಮೂರನೇ ರಾತ್ರಿ ಮೀನು ಸುಟ್ಟಂಥ ವಾಸನೆ. ಎದ್ದು ಪ್ಲಗ್ ಮುಟ್ಟಿದರೆ ಬೆರಳು ಚುರುಕ್ ಅಂತು. ಕಿತ್ತು ನೋಡಿದೆ: ಒಂದು ಪಿನ್ನಿನ ಬುಡದ ಪ್ಲಾಸ್ಟಿಕ್ ಕಂದಾಗಿ, ದೋಸೆ ಅಂಚು ಸೀದ ಹಾಗೆ ಉಬ್ಬಿತ್ತು. ಬಾಕ್ಸಿನ ತೂತು ಕರಗಿ ಅಗಲವಾಗಿತ್ತು. ಹೀಟರ್ ಮಾತ್ರ ಚೆನ್ನಾಗಿ ಬಿಸಿಯಾಗುತ್ತಲೇ ಇತ್ತು.

ಲೆಕ್ಕ ನೋಡಿ. ಅಲ್ಲಿನ ಕರೆಂಟ್ ನಮ್ಮದೇ ಹಾಗೆ 230 ವೋಲ್ಟ್, 50 ಹರ್ಟ್ಸ್. ಆದರೆ ಊರಲ್ಲಿ ಗೀಸರಿಗೆ ದಪ್ಪ ಪಿನ್ನಿನ 16 ಆಂಪ್ ಸಾಕೆಟ್ ಬೇರೆ ಇರುತ್ತದೆ, ಅಲ್ಲಿ ಮನೆಯ ಸಾಮಾನ್ಯ ಸಾಕೆಟ್ 10 ಆಂಪ್‌ನದ್ದು. 2400 ವಾಟ್ ಹೀಟರ್ ಒಂದೇ ಅಷ್ಟನ್ನೂ ಎಳೆಯುತ್ತದೆ. ಪ್ಲಗ್ ಸ್ವಲ್ಪ ಸಡಿಲ ಇದ್ದರೂ ಬಿಸಿ ಅಲ್ಲೇ ಹುಟ್ಟುತ್ತದೆ. ಹಾಗಾಗಿ ಹೀಟರನ್ನು ಗೋಡೆಯ ಸಾಕೆಟ್ಟಿಗೇ ನೇರ ಹಾಕಿ, ಎಕ್ಸ್‌ಟೆನ್ಷನ್ ಬೇಡವೇ ಬೇಡ. ಕೊಳ್ಳುವಾಗ ಮೊದಲು ಪ್ಲಗ್ಗಿನ ಬುಡ ನೋಡಿ, ಆಮೇಲೆ ವೈರ್ ಹೀಟರಿನೊಳಗೆ ಹೋಗುವ ಜಾಗ ಬಗ್ಗಿಸಿ ನೋಡಿ. ಟೇಪ್ ಸುತ್ತಿದ್ದರೆ ಬೇಡ ಅನ್ನಿ. ಎಣ್ಣೆ ಒಸರಿದ ಗುರುತಿದ್ದರೂ ಬೇಡ. ಬೀಳಿಸಿದರೆ ತಾನಾಗಿ ಆಫ್ ಆಗುವ ಸ್ವಿಚ್ ಇದ್ದರೆ ಒಳ್ಳೆಯದು. ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಿದೆ ಅನ್ನುವ, ಟಿಕ್ ಹಾಕಿದ ತ್ರಿಕೋನದ ಆರ್‌ಸಿಎಂ ಗುರುತು ಇದೆಯಾ ನೋಡಿ. ಮಾಡೆಲ್ ನಂಬರ್ ಬರೆದುಕೊಂಡು, ಆ ಸಾಮಾನನ್ನು ಕಂಪನಿ ವಾಪಸ್ ಕರೆದಿದೆಯಾ ಅಂತ ಸರ್ಕಾರದ ರೀಕಾಲ್ ಪಟ್ಟಿಯಲ್ಲಿ ಹುಡುಕಿ, ಐದು ನಿಮಿಷದ ಕೆಲಸ. ಇನ್ನೊಂದು, ಬಟ್ಟೆ. ನಮಗೆ ಬೆಂಕಿ ಕಂಡರೆ ಬಟ್ಟೆ ಹರಡುವುದು ರಕ್ತದಲ್ಲೇ ಬಂದಿದೆ, ಈಗಲೂ ನನ್ನ ತಲೆ ಮೇಲೆ ಬಟ್ಟೆ ತೂಗುತ್ತಿವೆ. ಹೀಟರ್ ಮೇಲೆ ಹಾಕಬೇಡಿ. ಬಟ್ಟೆ, ಹಾಸಿಗೆ, ಪರದೆ ಎಲ್ಲವೂ ಒಂದು ಮೀಟರ್ ದೂರ ಇರಲಿ ಅಂತ ಅಲ್ಲಿನ ಅಗ್ನಿಶಾಮಕದವರು ಪ್ರತಿ ಚಳಿಗಾಲ ಹೇಳುತ್ತಾರೆ.

ಸ್ವಿಚ್ಚು, ಸಾಕೆಟ್ಟು, ದೀಪದ ಫಿಟಿಂಗ್ ನೀವೇ ಹಾಕಬಹುದಾ ಅನ್ನುವುದು ನಿಮ್ಮ ನಿಜವಾದ ಪ್ರಶ್ನೆ. ಪಕ್ಕದ ಆಸ್ಟ್ರೇಲಿಯಾದಲ್ಲಾದರೆ ಗೋಡೆಯ ಸಾಕೆಟ್ ಬದಲಿಸಲೂ ಲೈಸೆನ್ಸ್ ಇದ್ದವರೇ ಬೇಕು. ನ್ಯೂಜಿಲೆಂಡ್ ಮನೆ ಯಜಮಾನರನ್ನು ಸ್ವಲ್ಪ ಜಾಸ್ತಿ ನಂಬುತ್ತದೆ. 1992ರ ವಿದ್ಯುತ್ ಕಾಯ್ದೆಯಲ್ಲಿ ಇದಕ್ಕೆ ಅವಕಾಶ ಇದೆ, ಹೇಗೆ ಮಾಡಬೇಕು ಅಂತ ಇಸಿಪಿ 51 ಅನ್ನುವ ಕೈಪಿಡಿಯೂ ಇದೆ. ಮನೆ ನಿಮ್ಮ ಸ್ವಂತದ್ದಾಗಿದ್ದು ನೀವೇ ಅದರಲ್ಲಿ ವಾಸ ಇದ್ದರೆ ಹಳೆ ಸ್ವಿಚ್, ಸಾಕೆಟ್, ಬಲ್ಬ್ ಹೋಲ್ಡರ್ ತೆಗೆದು ಬೇರೆ ಹಾಕಬಹುದು. ಬಿಸಿನೀರಿನ ಸಿಲಿಂಡರಿನ ಎಲಿಮೆಂಟ್, ಥರ್ಮೋಸ್ಟಾಟ್ ಕೂಡ ಬದಲಿಸಬಹುದು. ಹೊಸ ಲೈನ್ ಎಳೆದರೆ ಮಾತ್ರ ಅದನ್ನು ಲೈಸೆನ್ಸ್ ಇರುವ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸಿ ಅವರೇ ಜೋಡಿಸಬೇಕು. ಮೇನ್ ಬೋರ್ಡಿನೊಳಗೆ ನಾವು ಕೈ ಹಾಕುವ ಹಾಗಿಲ್ಲ. ನೀವು ಬಾಡಿಗೆಗಿದ್ದೀರಿ, ಹಾಗಾಗಿ ನಿಮಗೆ ಈ ಅವಕಾಶ ಇಲ್ಲ. ಒಂದು ಸ್ವಿಚ್ ಹಾಳಾದರೂ ಮಾಲೀಕರು ಎಲೆಕ್ಟ್ರಿಷಿಯನ್ ಕಳಿಸಬೇಕು. ಗೆಳೆಯರ ಮನೆಯಲ್ಲೂ ಮಾಡಿಕೊಡಬೇಡಿ. ಕೈ ಬರುತ್ತೆ ಅಂದ ಕೂಡಲೇ ನಮ್ಮವರು ಕರೆಯುತ್ತಾರೆ, ಇಲ್ಲ ಅನ್ನುವುದು ಕಷ್ಟ, ಆದರೂ ಇಲ್ಲ ಅನ್ನಿ.

ನಾನು ಸ್ವಂತ ಮನೆ ಕೊಂಡ ಮೇಲೆ ಹಿಂದಿನ ಕೋಣೆಗೆ ಒಂದು ಲೈನ್ ನಾನೇ ಎಳೆದೆ. ಕೇಬಲ್ ಹೊಸದು, ಸಾಕೆಟ್ ಮಾತ್ರ ಹಳೆಯದು, ಮನೆ ಒಡೆದ ಸಾಮಾನು ಮಾರುವ ಕಡೆ ತಂದದ್ದು. ಎರಡು ವಾರ ಸಂಜೆ ಹೊತ್ತು ಕೂತು ಅಚ್ಚುಕಟ್ಟಾಗಿ ಮಾಡಿದ್ದೆ. ಇನ್‌ಸ್ಪೆಕ್ಟರ್ ಬಂದರು, ವಯಸ್ಸಾದವರು, ಜಾಸ್ತಿ ಮಾತಿಲ್ಲ. ಮೂರು ಸಾಕೆಟ್ಟಿನ ಮುಚ್ಚಳ ಬಿಚ್ಚಿಸಿದರು. ಹಸಿರು-ಹಳದಿ ತಂತಿಯನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತಿಂಗ್ ತಂತಿಯನ್ನು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಎರಡರಲ್ಲಿ ಅಲುಗಲಿಲ್ಲ. ಮೂರನೆಯದು ಬಂದೇ ಬಿಟ್ಟಿತು. ಸ್ಕ್ರೂ ಪೂರ್ತಿ ತಿರುಗಿತ್ತು, ಆದರೆ ಹಳೆ ಸಾಕೆಟ್ಟಿನ ಸ್ಕ್ರೂ ಸುತ್ತು ಸವೆದು ತಂತಿಯನ್ನು ಕಚ್ಚಿರಲಿಲ್ಲ. ಆ ಸಾಕೆಟ್ಟಿಗೆ ಹೀಟರ್ ಹಾಕಿದ್ದರೆ ಚೆನ್ನಾಗೇ ನಡೆಯುತ್ತಿತ್ತು, ವರ್ಷಗಟ್ಟಲೆ. ಹೀಟರಿನ ಒಳಗೆಲ್ಲೋ ಕರೆಂಟಿನ ತಂತಿ ಕಳಚಿ ಅದರ ತಗಡಿಗೆ ತಾಗುವ ದಿನದವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ನನಗೆ ಆಗ ನೆನಪಾಗಿದ್ದು ಈ ಬಚ್ಚಲೇ. ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಇಲ್ಲಿನ ಗೋಡೆ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಗೋಡೆ ಒದ್ದೆಯಾಗಿದೆ, ಚಪ್ಪಲಿ ಹಾಕ್ಕೊಂಡು ಹೋಗಿ ಅನ್ನುತ್ತಿದ್ದರು ಅಪ್ಪ. ಫ್ಯೂಸ್ ಹೋದರೆ ಯಾವುದೋ ವೈರಿನಿಂದ ನಾಲ್ಕು ಎಳೆ ಬಿಡಿಸಿ ಸುತ್ತಿ ಹಾಕುತ್ತಿದ್ದರು. ದೀಪ ಹತ್ತಿದರೆ ರಿಪೇರಿ ಆಯಿತು ಅಂತಲೇ ಲೆಕ್ಕ. ಈಗ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಸರಿಯಾಗಿ ಅರ್ತಿಂಗ್ ಮಾಡಿಸಿದ್ದೇನೆ. ಕರೆಂಟ್ ಸೋರಿದರೆ ತಕ್ಷಣ ಆಫ್ ಮಾಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿದ್ದೇನೆ. ಅಲ್ಲಿ ಅದಕ್ಕೆ ಆರ್‌ಸಿಡಿ ಅನ್ನುತ್ತಾರೆ. ನಿಮ್ಮದು ಹಳೆ ಮನೆ ಅಂದಿರಲ್ಲ, ಬೋರ್ಡಿನ ಬಾಗಿಲು ಮಾತ್ರ ತೆರೆದು ಟೆಸ್ಟ್ ಅಂತ ಬರೆದಿರುವ ಗುಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಪತ್ರದಲ್ಲಿ ಅದನ್ನೂ ಕೇಳಿ. ತುಂಬಾ ಹಳೆ ಮನೆಗಳಲ್ಲಿ ರಬ್ಬರ್ ಹೊದಿಕೆಯ ವೈರ್ ಇನ್ನೂ ಉಳಿದಿರುತ್ತದೆ, ಮುಟ್ಟಿದರೆ ರಬ್ಬರ್ ಪುಡಿಪುಡಿ ಉದುರುತ್ತದೆ. ಅಂಥ ಸಾಕೆಟ್ ಕಂಡರೆ ಅದಕ್ಕೆ ಹೀಟರ್ ಹಾಕಲೇಬೇಡಿ.

ಹಳೆ ಹೀಟ್ ಪಂಪ್ ಬಗ್ಗೆ ಹೇಳುವುದು ಕಡಿಮೆ. ಬಿಚ್ಚುವಾಗ ಅದರ ಗ್ಯಾಸ್ ಹಿಡಿದಿಡಬೇಕು, ಮತ್ತೆ ಕೂರಿಸುವಾಗ ಪೈಪಿನ ಗಾಳಿ ಪೂರ್ತಿ ಎಳೆದು ತೆಗೆದು ಗ್ಯಾಸ್ ತುಂಬಬೇಕು, ವೈರಿಂಗಿಗೆ ಎಲೆಕ್ಟ್ರಿಷಿಯನ್ ಬೇಕು. ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ.

ಸೌದೆ ಒಲೆ ಕಂಡು ನಿಮಗೆ ಆಸೆ ಆಗಿದ್ದು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಒಲೆ ಕೂರಿಸಲು ಹೊಸದಿರಲಿ ಹಳೆಯದಿರಲಿ ಕೌನ್ಸಿಲ್‌ನಿಂದ ಬಿಲ್ಡಿಂಗ್ ಕನ್ಸೆಂಟ್, ಅಂದರೆ ಕಟ್ಟಡದ ಪರವಾನಗಿ ಬೇಕು. ಅದನ್ನು ಕೇಳಬೇಕಾದವರು ಮಾಲೀಕರು. 2 ಹೆಕ್ಟೇರಿಗಿಂತ ಚಿಕ್ಕ ಜಾಗದಲ್ಲಿ 2005ರ ಸೆಪ್ಟೆಂಬರ್‌ನಿಂದ ಕೂರಿಸುವ ಒಲೆ, ಒಂದು ಕಿಲೋ ಸೌದೆಗೆ ಒಂದೂವರೆ ಗ್ರಾಂಗಿಂತ ಜಾಸ್ತಿ ಹೊಗೆಕಣ ಬಿಡಬಾರದು, ಸೌದೆಯ ಶಕ್ತಿಯಲ್ಲಿ ಕನಿಷ್ಠ 65 ಶೇಕಡಾ ಶಾಖವಾಗಿ ಕೊಡಬೇಕು. ಅಗ್ಗಕ್ಕೆ ಸಿಗುವ ಹಳೆ ಒಲೆಗಳು ಹೆಚ್ಚಾಗಿ ಈ ಅಳತೆಗೆ ಬರದವು, ಅದಕ್ಕೇ ಅಗ್ಗ. ಕನ್ಸೆಂಟ್ ಇಲ್ಲದ ಒಲೆಯಿಂದ ಬೆಂಕಿ ಹತ್ತಿದರೆ ವಿಮೆಯೂ ಕೈಗೆ ಬರದೆ ಹೋಗಬಹುದು.

ನೀವು ಕೇಳದ ಒಂದು ವಿಷಯ ಇದೆ, ಕೇಳದಿದ್ದರೂ ಹೇಳಬೇಕು. ಚಕ್ರ ಇರುವ, ಹಿಂದೆ 9 ಕಿಲೋ ಸಿಲಿಂಡರ್ ಕೂರುವ ಗ್ಯಾಸ್ ಹೀಟರನ್ನು ಯಾರಾದರೂ ಪುಕ್ಕಟೆ ಕೊಡುತ್ತೇನೆ ಅನ್ನುತ್ತಾರೆ. ಅದಕ್ಕೆ ಹೊಗೆ ಕೊಳವೆ ಇಲ್ಲ. ಆ ಒಂದು ಸಿಲಿಂಡರ್ ಉರಿದು ಮುಗಿಯುವಾಗ ಸುಮಾರು 14 ಲೀಟರ್ ನೀರು ಆವಿಯಾಗಿ ಮನೆಯೊಳಗೇ ಸೇರುತ್ತದೆ. ಒಂದು ತುಂಬಿದ ಕೊಡಪಾನ ಗೋಡೆಗೆ ಎರಚಿದ ಹಾಗೆ. ಬೂಷ್ಟು ಹಿಡಿಯದೆ ಇನ್ನೇನು? ಕಿಟಕಿ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ತುಂಬಬಹುದು, ಅದಕ್ಕೆ ವಾಸನೆಯೂ ಇಲ್ಲ. ಇಲ್ಲಿ ಹಂಚಿನ ಸಂದಿನಲ್ಲಿ ಹೊಗೆ ತಾನಾಗಿ ಹೋಗುತ್ತಿದೆ, ನಿಮ್ಮ ಕೋಣೆಯಲ್ಲಿ ಹೋಗಲು ದಾರಿ ಇಲ್ಲ. ಮಗು ಮಲಗುವ ಮನೆಗೆ ಅದನ್ನು ತರಬೇಡಿ. ಶಿವಮೊಗ್ಗದಿಂದ ಬರುವವರ ಕೈಲಿ ನೀರು ಕಾಯಿಸುವ ರಾಡ್ ತರಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. ವೋಲ್ಟೇಜ್ ಹೊಂದುತ್ತದೆ ನಿಜ, ಆದರೆ 1500 ವಾಟ್ ರಾಡನ್ನು ಪ್ರಯಾಣದ ಅಡಾಪ್ಟರಿಗೆ ಸಿಕ್ಕಿಸಿ ಬಕೆಟ್ಟಿನಲ್ಲಿ ಬಿಟ್ಟ ಮನೆಯಲ್ಲಿ ಎರಡು ವರ್ಷದ ಮಗು ಓಡಾಡಬಾರದು.

ಮಾಲೀಕರಿಗೆ ಪತ್ರ ಇವತ್ತೇ ಹಾಕಿ. ಹಾಲ್‌ನಲ್ಲಿ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ರಾತ್ರಿ ಎಷ್ಟು ಡಿಗ್ರಿ ಅಂತ ಒಂದು ವಾರ ಬರೆದಿಡಿ, ಫೋಟೋ ತೆಗೆದಿಡಿ. ಎಲೆಕ್ಟ್ರಿಷಿಯನ್ ಬಂದರೆ ಹೆಸರು ಕೇಳಿ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಇದೆಯಾ ನೋಡಿ, ಲೈಸೆನ್ಸ್ ಕಾರ್ಡ್ ತೋರಿಸಿ ಅಂದರೆ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಆಗಸ್ಟ್ ಎರಡನೇ ವಾರ ವಾಪಸ್ ಬರುತ್ತೇನೆ. ಅಷ್ಟರೊಳಗೆ ಆಯಿಲ್ ಹೀಟರ್ ತಂದಿದ್ದರೆ ಮನೆಗೆ ತಗೊಂಡು ಬನ್ನಿ, ಪ್ಲಗ್ಗು ವೈರು ಇಬ್ಬರೂ ಸೇರಿ ನೋಡೋಣ. ಹಲಸಿನ ಹಪ್ಪಳ ಕಟ್ಟಿಸಿಟ್ಟಿದ್ದೇನೆ, ನಿಮ್ಮ ಮನೆಗೂ ಒಂದು ಕಟ್ಟು ಇದೆ.