ತಮ್ಮನ ಪೋಕರ್, ಅಕ್ಕನ ಬಂಗಾರ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆ, ಪತಿ ದುಬೈಯಲ್ಲಿದ್ದಾರೆ. 27 ವರ್ಷದ ನನ್ನ ತಮ್ಮ ಬೆಂಗಳೂರಿನ ಕಂಪೆನಿ ಕೆಲಸ ಬಿಟ್ಟು ಮೂರು ವರ್ಷಗಳಿಂದ ಪೋಕರ್ ಎಂಬ, ಹಣ ಪಣವಿಟ್ಟು ಆಡುವ ಎಲೆಯಾಟದ ಟೂರ್ನಮೆಂಟ್ ಆಡುವುದನ್ನೇ ವೃತ್ತಿ ಮಾಡಿಕೊಂಡಿದ್ದಾನೆ. ಒಮ್ಮೆ ಆರು ಲಕ್ಷ ಗೆದ್ದದ್ದು ನಿಜ, ಬ್ಯಾಂಕಿನ ಸಂದೇಶವನ್ನು ನನಗೆ ತೋರಿಸಿದ್ದಾನೆ. ಆನ್‌ಲೈನ್ ಆಟ ನಿಂತುಹೋದ್ದರಿಂದ ಈಗ ಗೋವಾಕ್ಕೆ ಹೋಗಿ ಆಡುತ್ತಾನಂತೆ. ಅದಕ್ಕಾಗಿ ನನ್ನ ಬಂಗಾರ ಅಡವಿಟ್ಟು ನಾಲ್ಕು ಲಕ್ಷ ಕೊಡಬೇಕು, ಅಪ್ಪನಿಗೂ ಭಾವನಿಗೂ ತಿಳಿಯಬಾರದು ಎನ್ನುತ್ತಾನೆ. ಅವನು ಮನೆಯಿಂದಲೇ ಕಂಪೆನಿ ಕೆಲಸ ಮಾಡುತ್ತಿದ್ದಾನೆಂದು ಅಡಿಕೆ ಕೃಷಿಕರಾದ ಅಪ್ಪ ನಂಬಿದ್ದಾರೆ. ಇದು ಜೂಜಲ್ಲ, ಬುದ್ಧಿಯ ಆಟ ಎಂಬುದು ಅವನ ವಾದ. ಕೊಡದಿದ್ದರೆ ಅವನ ಭವಿಷ್ಯಕ್ಕೆ ನಾನೇ ಅಡ್ಡಿಯಾದಂತೆ ಆಗುವುದಿಲ್ಲವೇ?

ಉತ್ತರ: ಸಹೋದರಿ, ಬಂಗಾರ ಕೊಡಬೇಡಿ. ಅವನ ವೃತ್ತಿ ಕೀಳೆಂದು ಭಾವಿಸಿ ನಾನು ಹೀಗೆ ಹೇಳುತ್ತಿಲ್ಲ. ಆ ವೃತ್ತಿಯಲ್ಲಿ ನಿಂತು ಬಾಳಿದವರು ಪಾಲಿಸುವ ಶಿಸ್ತನ್ನೇ ನೋಡಿದರೂ ಈ ಹಣ ಕೊಡತಕ್ಕದ್ದಲ್ಲ.

ತಮ್ಮನ ವಾದದಲ್ಲಿ ಹುರುಳಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕೈಗೆ ಬರುವ ಎಲೆ ಅದೃಷ್ಟದ್ದಾದರೂ, ಯಾವ ಎಲೆಗೆ ಎಷ್ಟು ಪಣ ಒಡ್ಡಬೇಕು, ಯಾವಾಗ ಕೈಬಿಡಬೇಕು, ಎದುರಾಳಿಯ ಮುಂದೆ ಎಷ್ಟು ಚಿಪ್ಸ್ (ಪಣದ ಬಿಲ್ಲೆ) ಉಳಿದಿದೆ ಎಂಬ ಲೆಕ್ಕಾಚಾರಕ್ಕೆ ವರ್ಷಗಳ ಅಭ್ಯಾಸ ಬೇಕು. ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿದ್ದ ಸರಕಾರಿ ಅಧಿಸೂಚನೆಯನ್ನು ಕೇರಳ ಹೈಕೋರ್ಟು 2021ರಲ್ಲಿ ರದ್ದುಪಡಿಸಿದ್ದೂ ಅದು ಕೌಶಲದ ಆಟ ಎಂಬ ಆಧಾರದ ಮೇಲೆಯೇ. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಪಣವಾಗಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಶಿಕ್ಷೆ ಇರುವುದು ನಡೆಸುವವರಿಗೆ ಮತ್ತು ಪ್ರಚಾರ ಮಾಡುವವರಿಗೆ, ಆಡುವವರಿಗಲ್ಲ. ಆದರೂ ನಿಮ್ಮ ತಮ್ಮನ ಮಟ್ಟಿಗೆ ದುಡಿಯುವ ಜಾಗವೇ ಬಾಗಿಲು ಹಾಕಿತು. ಅವನ ಈಗಿನ ಚಡಪಡಿಕೆಗೆ ಅದೂ ಕಾರಣವಾಗಿರಬಹುದು. ಆ ನೋವನ್ನು ಹಗುರವಾಗಿ ಕಾಣಬೇಡಿ.

ಇನ್ನು ಗೋವಾದ ಲೆಕ್ಕ. ಟೂರ್ನಮೆಂಟಿನಲ್ಲಿ ನೂರು ಮಂದಿ ಪ್ರವೇಶ ಶುಲ್ಕ ಕಟ್ಟಿ ಕುಳಿತರೆ ಸಾಮಾನ್ಯವಾಗಿ ಹತ್ತು-ಹದಿನೈದು ಮಂದಿಗೆ ಮಾತ್ರ ಬಹುಮಾನ ಸಿಗುತ್ತದೆ. ಅವರಲ್ಲಿಯೂ ಹೆಚ್ಚಿನವರಿಗೆ ಬರುವುದು ಕಟ್ಟಿದ ಶುಲ್ಕಕ್ಕಿಂತ ಸ್ವಲ್ಪವೇ ಹೆಚ್ಚು. ದೊಡ್ಡ ಮೊತ್ತ ಮೊದಲ ಕೆಲವು ಸ್ಥಾನಗಳಿಗೆ ಹೋಗುತ್ತದೆ. ಆದ್ದರಿಂದ ನಿಜವಾಗಿಯೂ ಚೆನ್ನಾಗಿ ಆಡುವವನು ಕೂಡ ಬಹಳಷ್ಟು ಸಲ ಬರಿಗೈಯಲ್ಲಿ ಏಳುತ್ತಾನೆ, ತಿಂಗಳುಗಟ್ಟಲೆ ನಷ್ಟದಲ್ಲಿಯೂ ಇರುತ್ತಾನೆ. ಈ ಏರುಪೇರನ್ನು ತಾಳಿಕೊಳ್ಳಲೆಂದೇ ಅನುಭವಿಗಳು ಕನಿಷ್ಠ ನೂರು ಟೂರ್ನಮೆಂಟುಗಳ ಶುಲ್ಕವನ್ನಾದರೂ, ಮನೆಖರ್ಚಿನ ಹಣದೊಂದಿಗೆ ಬೆರೆಸದೆ, ಬೇರೆಯಾಗಿಯೇ ಇಟ್ಟುಕೊಳ್ಳುತ್ತಾರೆ. ಪ್ರವೇಶ ಶುಲ್ಕ 25,000 ರೂಪಾಯಿ ಎಂದಿಟ್ಟುಕೊಂಡರೆ ನಿಮ್ಮ ನಾಲ್ಕು ಲಕ್ಷ ಬರೇ ಹದಿನಾರು ಟೂರ್ನಮೆಂಟಿಗೆ ಸಾಕಾಗುತ್ತದೆ. ಸೋತು ಹೊರಬಿದ್ದವನು ಮತ್ತೊಮ್ಮೆ ಶುಲ್ಕ ಕಟ್ಟಿ ಅದೇ ಆಟಕ್ಕೆ ಮರಳುವ ಅವಕಾಶ ಅನೇಕ ಟೂರ್ನಮೆಂಟುಗಳಲ್ಲಿ ಇರುವುದರಿಂದ, ಹದಿನಾರು ಎಂಟಾಗಲು ಹೊತ್ತು ಬೇಡ. ರೈಲು, ಊಟ, ವಸತಿಯ ಖರ್ಚು ಬೇರೆ. ಗೆದ್ದರೆ ಶೇಕಡಾ 30 ಆದಾಯ ತೆರಿಗೆ ಇದೆ; ಅದರಲ್ಲಿ ಈ ಖರ್ಚುಗಳನ್ನು ಕಳೆಯಲು ಅವಕಾಶವಿಲ್ಲ.

2003ರಲ್ಲಿ ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯ ಮುಖ್ಯ ಸ್ಪರ್ಧೆಯನ್ನು ಗೆದ್ದ ಕ್ರಿಸ್ ಮನಿಮೇಕರ್ ಕಥೆಯನ್ನು ತಮ್ಮ ನಿಮಗೆ ಹೇಳಿರಬಹುದು. 10,000 ಡಾಲರ್ ಶುಲ್ಕದ ಆ ಸ್ಪರ್ಧೆಗೆ ಅವರು 86 ಡಾಲರಿನ ಆನ್‌ಲೈನ್ ಅರ್ಹತಾ ಆಟದ ಮೂಲಕ ಪ್ರವೇಶ ಪಡೆದು 25 ಲಕ್ಷ ಡಾಲರ್ ಗೆದ್ದರು. ಆ ಕಥೆಯ ಇನ್ನೊಂದು ಭಾಗವನ್ನು ಅವನಿಗೆ ನೀವು ಹೇಳಿ. ಆಗ ಅವರು ಅಕೌಂಟೆಂಟ್ ಕೆಲಸದಲ್ಲಿದ್ದರು, ಕಳೆದುಕೊಳ್ಳಬಹುದಾಗಿದ್ದದ್ದು 86 ಡಾಲರ್, ಮತ್ತು ಗೆಲುವಿನಲ್ಲಿ ಸಿಗಬಹುದಾದ ಪಾಲನ್ನು ತಂದೆಗೂ ಒಬ್ಬ ಸ್ನೇಹಿತನಿಗೂ ಮೊದಲೇ ಮಾರಿದ್ದರು. ಅಂದರೆ ತಂದೆಗೆ ಎಲ್ಲವೂ ತಿಳಿದಿತ್ತು.

ಹೀಗೆ ಪಾಲು ಮಾರುವುದು ಆ ವೃತ್ತಿಯಲ್ಲಿ ಮಾಮೂಲಿ. ಆಟಗಾರ ಸೋತರೆ ಪಾಲು ಕೊಂಡವನ ಹಣವೂ ಹೋಗುತ್ತದೆ, ಅದು ತಿಳಿದೇ ಅವನು ಕೊಳ್ಳುತ್ತಾನೆ. ನಿಮ್ಮ ತಮ್ಮ ಕೇಳುತ್ತಿರುವುದು ಅಂಥದ್ದಲ್ಲ. ಸಾಲ ನಿಮ್ಮ ಹೆಸರಿನಲ್ಲಿ, ಬಡ್ಡಿ ಓಡುವುದು ನಿಮ್ಮ ಮೇಲೆ, ಬಿಡಿಸಿಕೊಳ್ಳಲಾಗದಿದ್ದರೆ ಏಲಂ ಆಗುವುದು ನಿಮ್ಮ ಒಡವೆ. ಅವನ ಆಟವನ್ನು ಹತ್ತಿರದಿಂದ ಕಂಡ ಜತೆಯ ಆಟಗಾರರು ಅವನ ಪಾಲು ಕೊಳ್ಳಲು ಮುಂದೆ ಬಂದಿದ್ದಾರೆಯೇ ಎಂದು ಕೇಳಿ. ಬಂದಿಲ್ಲವಾದರೆ, ಪೋಕರ್ ಗೊತ್ತಿಲ್ಲದ ಅಕ್ಕ ಮಾತ್ರ ಏಕೆ ಕೊಡಬೇಕು?

ಆರು ಲಕ್ಷದ ಆ ಒಂದು ಸಂದೇಶದಿಂದ ಏನೂ ತೀರ್ಮಾನವಾಗದು. ಒಂದು ವರ್ಷದ ಧಾರಣೆ ನೋಡಿ ನಿಮ್ಮ ತಂದೆಯವರು ಅಡಿಕೆ ತೋಟದ ಆದಾಯವನ್ನು ಅಳೆಯುವುದಿಲ್ಲವಷ್ಟೆ. ಮೂರು ವರ್ಷಗಳ ಪೂರ್ತಿ ಲೆಕ್ಕ ಕೇಳಿ: ಆಡಿದ ದಿನ, ಕಟ್ಟಿದ ಶುಲ್ಕ, ಮತ್ತೆ ಕಟ್ಟಿದ ಶುಲ್ಕ, ಪ್ರಯಾಣ, ಬಂದ ಬಹುಮಾನ. ಇದನ್ನು ವೃತ್ತಿಯಾಗಿ ಆಡುವವನ ಬಳಿ ಈ ಲೆಕ್ಕ ಇದ್ದೇ ಇರುತ್ತದೆ. ಒಂದು ಸಂಜೆ ಇಬ್ಬರೂ ಕುಳಿತು ಬ್ಯಾಂಕಿನ ಹೇಳಿಕೆಯೊಂದಿಗೆ ತಾಳೆ ನೋಡಿ. ಲೆಕ್ಕದಲ್ಲಿ ಲಾಭ ಕಂಡರೆ ಅವನು ಒಂದು ಉದ್ಯೋಗ ಹಿಡಿದು, ಕಡಿಮೆ ಶುಲ್ಕದ ಟೂರ್ನಮೆಂಟುಗಳಿಂದ ತನ್ನದೇ ಬಂಡವಾಳ ಬೆಳೆಸಲಿ. ಅದಕ್ಕೆ ನಿಮ್ಮ ಬೆಂಬಲವಿರಲಿ. ಲೆಕ್ಕವೇ ಇಲ್ಲ ಎಂದರೆ, ಅಥವಾ ಕೇಳಿದ್ದಕ್ಕೇ ಸಿಟ್ಟಾದರೆ, ಹೋದ ಹಣ ಹಿಂದೆ ತರಲೆಂದು ಬೇರೆ ಕಡೆಯೂ ಸಾಲ ಮಾಡಿರುವುದು ತಿಳಿದುಬಂದರೆ, ಅದನ್ನು ಗೀಳಿನ ಲಕ್ಷಣವೆಂದೇ ಗಂಭೀರವಾಗಿ ಎಣಿಸಬೇಕು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಅವನು ಒಪ್ಪದಿದ್ದರೆ ಮೊದಲು ನೀವೇ ಮಾತನಾಡಿ.

ಗುಟ್ಟಿನ ವಿಷಯ ನನಗೆ ಹಣಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ದೂರದಲ್ಲಿ ದುಡಿಯುವ ಪತಿಗೆ ತಿಳಿಸದೆ ಮನೆಯ ಬಂಗಾರ ಬ್ಯಾಂಕಿಗೆ ಹೋದರೆ, ಮುಂದೆ ಅದು ಬಿಡುಗಡೆಯಾಗಿ ಬಂದರೂ ನಿಮ್ಮಿಬ್ಬರ ನಡುವಿನ ನಂಬಿಕೆಗೆ ಪೆಟ್ಟು ಬೀಳುತ್ತದೆ. ಇಂದೇ ಅವರಿಗೆ ಹೇಳಿಬಿಡಿ. ತಂದೆಯವರಿಗೆ ಮಾತ್ರ ತಮ್ಮನೇ ಹೇಳಲಿ. ಎಲೆಯಾಟವೆಂದರೆ ಜಾತ್ರೆಯ ಬದಿಯ ಇಸ್ಪೀಟು, ಕೋಳಿ ಅಂಕದ ಪಣ ಎಂದೇ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಸಹಜವಾದ್ದರಿಂದ, ತಾನು ಏನು ಮಾಡುತ್ತಿದ್ದೆ, ಅದು ಏಕೆ ನಿಂತಿತು ಎಂಬುದನ್ನು ಅವನೇ ಬಿಡಿಸಿ ಹೇಳಬೇಕು. ಅಡಿಕೆಗೆ ಮದ್ದು ಬಿಡುವ ಕೆಲಸಕ್ಕೆ ಅವನು ತೋಟಕ್ಕೆ ಇಳಿದ ದಿನ ಆ ಮಾತಿಗೆ ಅನುಕೂಲವಾದೀತು. ನೀವಾಗಿ ದೂರು ಒಯ್ಯಬೇಡಿ. ಆದರೆ ತಂದೆಯವರು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಈಗಲೇ ತಿಳಿಸಿಡಿ.

ನೀವು ಹಣ ನಿರಾಕರಿಸಿದಾಗ ಅವನು ನೊಂದುಕೊಂಡು ಮಾತು ಬಿಡಲೂಬಹುದು. ಆಗಲೂ ವಾರಕ್ಕೊಮ್ಮೆ ನೀವೇ ಫೋನು ಮಾಡಿ, ಊಟಕ್ಕೆ ಕರೆಯಿರಿ. ಕೆಲಸ ಹುಡುಕುವ ಅವಧಿಯ ಖರ್ಚಿಗೆ, ಪತಿಯ ಒಪ್ಪಿಗೆ ಪಡೆದು, ಹಿಂದೆ ಬಾರದಿದ್ದರೂ ಚಿಂತೆಯಿಲ್ಲ ಎನ್ನುವಷ್ಟು ಸಣ್ಣ ಮೊತ್ತವನ್ನು ಸಾಲವೆನ್ನದೆ ಕೊಡಿ.